ಹೊಟ್ಟೆಗೂ ಬೆನ್ನಿಗೂ ಒಂದೇ ನೀಲಿ

ವಿಮಾನದ ಹೊಟ್ಟೆಗೂ ಬೆನ್ನಿಗೂ ಒಂದೇ ನೀಲಿ ಬಳಿದವನು ನಾನೇ. ಮಾಧವರಂನ ನಮ್ಮ ಮನೆ ಮಹಡಿಯ ಮೇಲೆ ಅಕ್ಕನೂ ನಾನೂ ಎರಡು ವರ್ಷ ಕೂತು ಕಟ್ಟಿದ ಮಾದರಿ ಅದು. ಪೆಟ್ರೋಲ್ ಎಂಜಿನ್, ನನಗಿಂತ ಉದ್ದದ ರೆಕ್ಕೆ. ಪಲ್ಟಿ ಹೊಡೆಯುವ ವಿಮಾನಕ್ಕೆ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ ಇರಲೇಬೇಕು, ಇಲ್ಲದಿದ್ದರೆ ದೂರದಲ್ಲಿ ಅದು ನೆಟ್ಟಗಿದೆಯೋ ಮಗುಚಿದೆಯೋ ತಿಳಿಯುವುದಿಲ್ಲ ಎಂದು ಬಲ್ಲವರೆಲ್ಲ ಹೇಳಿದ್ದರು. ನಾನು ಒಬ್ಬೊಬ್ಬರ ಧ್ವನಿಯನ್ನೂ ಅಣಕಿಸಿ, ಅಕ್ಕನನ್ನು ನಗಿಸಿ, ನೀಲಿಯನ್ನೇ ಬಳಿದೆ. ಚೆಂದ ಕಾಣುತ್ತಿತ್ತು. ನನ್ನ ಬುದ್ಧಿಗೆ ಅಷ್ಟು ಸಾಕಾಗಿತ್ತು.

ಸ್ಪರ್ಧೆ ಊರಾಚೆಯ ಬಯಲಲ್ಲಿ. ಹಾರಿಸುವವನು ವಿಮಾನದ ಮೇಲಿನ ಕಣ್ಣು ತೆಗೆಯುವಂತಿಲ್ಲವಾದ್ದರಿಂದ ಪಕ್ಕದಲ್ಲಿ ಒಬ್ಬರು ಚೀಟಿ ಹಿಡಿದು, ಮುಂದಿನ ಪಲ್ಟಿ ಯಾವುದೆಂದು ಕೂಗಬೇಕು. ನನಗೆ ಕೂಗುವವಳು ಅಕ್ಕ. ಏಳನೆಯದು ಹೀಗಿತ್ತು: ತಗ್ಗಿನಲ್ಲಿ ಹಾರುತ್ತ ಎರಡೂವರೆ ಸುತ್ತು ಹೊರಳಿ, ಮಗುಚಿಕೊಂಡೇ ಮೇಲೇರಬೇಕು. ಮಗುಚಿದ್ದಾಗ ಕೈಯಲ್ಲಿರುವ ರಿಮೋಟಿನ ಕಡ್ಡಿಯನ್ನು ಮುಂದೆ ತಳ್ಳಿದರೆ ಏರುತ್ತದೆ. ನೆಟ್ಟಗಿದ್ದಾಗ ತಳ್ಳಿದರೆ ನೆಲಕ್ಕೆ.

ಮೊದಲ ಸರದಿಯಲ್ಲಿ ಹೊರಳಿಸಿದೆ. ಬಿಸಿಲಿಗೆ ಆಕಾಶ ಬೆಳ್ಳಗಾಗಿತ್ತು. ಹೊಟ್ಟೆಯೂ ನೀಲಿ, ಬೆನ್ನೂ ನೀಲಿ. ನನ್ನ ಹೆಬ್ಬೆರಳು ಏನೋ ಮಾಡಿತು. ವಿಮಾನ ಮೇಲೇರಿತು. ಇಳಿಸಿದ ಮೇಲೆ ನೋಡಿದರೆ, ಆ ಪಲ್ಟಿಗೇ ಎಲ್ಲರಿಗಿಂತ ಹೆಚ್ಚು ಅಂಕ.

"ಸೂಪರ್ ಡಾ! ಹೆಂಗೋ ಮಾಡ್ದೆ?" ಅಂದಳು ಅಕ್ಕ, ನಮ್ಮ ಮನೆಯ ತಮಿಳು ಬೆರೆತ ಕನ್ನಡದಲ್ಲಿ.

"ಗೊತ್ತಿಲ್ಲ ಅಕ್ಕಾ. ಮಗುಚಿತ್ತೋ ನೆಟ್ಟಗಿತ್ತೋ ನಂಗೆ ಕಾಣ್ಲೇ ಇಲ್ಲ." ನನ್ನ ಧ್ವನಿ ನಡುಗುತ್ತಿತ್ತು; ಅಂಕ ಕೊಡುವ ದಪ್ಪ ಜಡ್ಜ್ ಮಾತಾಡುವುದೂ ಹಾಗೇ.

"ಯಾರಿದು, ಆ ದಪ್ಪ ಜಡ್ಜ್ ತಾನೆ? ಅಯ್ಯೋ, ಅಪ್ಪಡಿಯೇ ಇದೆ, ಥೇಟ್ ಅವನ ಹಾಗೇ ಕಣೋ!"

ಅವಳು ನಕ್ಕಳು. ಯಾರಾದರೂ ನಕ್ಕರೆ ನಿಲ್ಲಿಸುವ ಜಾಯಮಾನ ನನ್ನದಲ್ಲ. ಉಳಿದ ನಿಜವನ್ನು ಜಡ್ಜ್ ಧ್ವನಿಯಲ್ಲೇ ಹೇಳಿ ಮುಗಿಸಿದೆ.

ಎರಡನೇ ಸರದಿಗೂ ಅದೇ ಚೀಟಿ. ಮೊಸರನ್ನ ತಿಂದವರೆಲ್ಲ ಕೈಯಲ್ಲಿ ಪುಟ್ಟ ಆಟಿಕೆ ವಿಮಾನ ಹಿಡಿದು, ಕಣ್ಣು ಮುಚ್ಚಿ, ಮರದ ನೆರಳಲ್ಲಿ ಗಿರಗಿರ ತಿರುಗುತ್ತ ಅಭ್ಯಾಸ ಮಾಡುತ್ತಿದ್ದರು. ಬೇರೆ ದಿನವಾಗಿದ್ದರೆ ಅವರನ್ನು ಅಣಕಿಸುತ್ತಿದ್ದೆ. ಆವತ್ತು ನಾನೂ ತಿರುಗಿದೆ. ಎರಡೂವರೆ ಸುತ್ತಿನ ಹೊತ್ತಿಗೆ ಮಣಿಕಟ್ಟು ನಿಂತುಬಿಡುತ್ತಿತ್ತು. ಬೆಳಿಗ್ಗೆ ತಳ್ಳಿದ್ದೆನೋ ಎಳೆದಿದ್ದೆನೋ? ಊರಿನವರನ್ನೆಲ್ಲ ಅನುಕರಿಸುವ ನನಗೆ ಬೆಳಗಿನ ನನ್ನನ್ನು ಅನುಕರಿಸಲಾಗಲಿಲ್ಲ. ತಪ್ಪಿದರೆ ಅಕ್ಕನ ಎರಡು ವರ್ಷ ನೆಲದಲ್ಲಿ ಹೂತುಹೋಗುತ್ತಿತ್ತು.

"ಏಳು! ಎರಡೂವರೆ ಹೊರಳು. ಈಗ!" ಎಂದು ಅಕ್ಕ ಕೂಗಿದಳು.

ನಾನು ಹೊರಳಿಸಲಿಲ್ಲ. ವಿಮಾನ ಬಸ್ಸಿನ ಹಾಗೆ ನೇರ ಹೋಯಿತು.

"ಈಗ ಡಾ! ತೂಂಗ್ತಿದ್ಯಾ, ನಿದ್ದೇನಾ?"

ಸೊನ್ನೆ. ಬೆಳಿಗ್ಗೆ ಮೂರನೆಯವನಾಗಿದ್ದವನು ಎಲ್ಲಿಗೋ ಜಾರಿದೆ.

ಸಂಜೆ ಮನೆ ಮಹಡಿಯ ಮೇಲೆ ರೆಕ್ಕೆ ಬಿಚ್ಚಿಡುವಾಗ ಅಕ್ಕ ಒಂದನ್ನು ಎತ್ತಿಕೊಂಡು ಆ ತುದಿಗೆ ನಡೆದಳು. ತಲೆಯ ಮೇಲೆ ಹಿಡಿದು ತಿರುವಿದಳು.

"ಇದು ಮೇಲೋ, ಕೆಳಗೋ?"

"ಮೇಲು."

"ಕೆಳಗು. ಈಗ?"

"ಕೆಳಗು."

"ಮೇಲು." ರೆಕ್ಕೆಯನ್ನು ನಿಧಾನವಾಗಿ ಇಳಿಸಿದಳು. "ಅಲ್ಲೇ ಹೇಳ್ಬಾರ್ದಿತ್ತಾ?"

"ಹೇಳ್ದೆ. ಊಟಕ್ಕೆ ಮುಂಚೆ."

"ಅದು ಆ ಜಡ್ಜ್ ಅಲ್ವಾ?"

"ಮೊದಲರ್ಧ ನಾನು."

ಅಕ್ಕ ನನ್ನನ್ನೇ ನೋಡಿದಳು. "ಎಲ್ಲಿವರೆಗೆ ನೀನು?"

ಯೋಚಿಸಿದೆ. ನನಗೂ ಸರಿಯಾಗಿ ನೆನಪಾಗಲಿಲ್ಲ.