ಬಣ್ಣ ಹಚ್ಚದ ವರ್ಷ

ನೆಲದ ಮೇಲೆ ನಿಂತು ಮಾತಾಡುವಾಗಲೂ ಪೇಂಟರ್ ಕಾಕಾ ಗದ್ದ ಮೇಲೆತ್ತಿಯೇ ಇರುತ್ತಿದ್ದರು. ಜೀವಮಾನವಿಡೀ ಗೋಡೆಗಳ ತಲೆ ನೋಡಿ ನೋಡಿ ಅವರ ಕುತ್ತಿಗೆ ತುಸು ಹಿಂದಕ್ಕೆ ಬಾಗಿತ್ತು. ಗುರುತಿಲ್ಲದವರು ಸೊಕ್ಕಿನ ಮನುಷ್ಯ ಎಂದುಕೊಳ್ಳುತ್ತಿದ್ದರು.

ಲಕ್ಷ್ಮೇಶ್ವರದ ನಮ್ಮ ಮನೆಗೆ ಅವರನ್ನು ಗೊತ್ತು ಮಾಡಿದವರು ಅಪ್ಪ. ಹೊರಗೋಡೆಗಳಿಗೆ ಬಣ್ಣ ಹಚ್ಚಿಸಲೆಂದೇ ಅಪ್ಪ ಸ್ವಲ್ಪ ಹಣ ಬೇರೆಯಾಗಿ ಇಟ್ಟಿದ್ದರು. ಗದಗಿನ ಇಬ್ಬರು ಗುತ್ತಿಗೆದಾರರು ಫೋನಿನಲ್ಲೇ ಚದರಡಿಗೆ ಇಷ್ಟೆಂದು ಹೇಳಿ ಮುಗಿಸಿದರು. ಬೆಟಗೇರಿಯ ಈ ಕಾಕಾ ಮಾತ್ರ, "ಗ್ವಾಡಿ ನೋಡಲಾರದ ರೇಟ್ ಹೆಂಗ ಹೇಳ್ಲಿರಿ?" ಎಂದು ಬಸ್ಸು ಹತ್ತಿ ಬಂದರು. ಕೊಡ ನೀರು ಕೇಳಿ ಗೋಡೆಗಳಿಗೆ ಎರಚಿ, ಅವು ಆರುವವರೆಗೆ ಎದುರು ಕೂತರು. ಉಳಿದೆಡೆ ನೀರು ಆರಿದ ಮೇಲೂ ಪಡುವಣ ಗೋಡೆಯ ಬಿರುಕುಗಳು ಒದ್ದೆ ಗೆರೆಗಳಾಗಿ ಉಳಿದವು. ಬಣ್ಣಕ್ಕಿಂತ ಅವಕ್ಕೇ ಖರ್ಚು ಹೆಚ್ಚೆಂದರು. ಮೂವರಲ್ಲಿ ಅವರ ಲೆಕ್ಕವೇ ದೊಡ್ಡದು. ಅಪ್ಪ ಒಪ್ಪಿದರು.

"ಡಬ್ಬಿ ಮ್ಯಾಲಿನ ಹೆಣ್ಮಗಳ ನಗಿ ನೋಡಿ ಬಣ್ಣ ಆರಸಬ್ಯಾಡ್ರಿ ಮತ್ತ," ಎಂದರು ಕಾಕಾ. ಅಪ್ಪ ನಕ್ಕು ತಿಳಿ ಹಳದಿ ಆರಿಸಿದರು.

ಕೆಲಸ ಶುರುವಾಗುವ ಮೊದಲೇ ಅಪ್ಪ ತೀರಿಕೊಂಡರು.

ಸಾವಾದ ಮನೆಗೆ ವರ್ಷ ತುಂಬುವವರೆಗೆ ಬಣ್ಣ ಹಚ್ಚುವುದಿಲ್ಲ. ಅವ್ವ ಆ ವಿಷಯದಲ್ಲಿ ಗಟ್ಟಿ. ಆದರೆ ಮಳೆಗಾಲ ಹತ್ತಿರವಿತ್ತು. ಪಡುವಣ ಗೋಡೆಯ ಒಳಮಗ್ಗುಲಲ್ಲೇ ಅವ್ವ ಮಲಗುತ್ತಿದ್ದಳು. ಹಿಂದಿನ ಮಳೆಯಲ್ಲೇ ಗಿಲಾವು ಹಾಸಿಗೆಯ ಮೇಲೆ ಉದುರಿತ್ತು. ಇನ್ನೊಂದು ಮಳೆಗಾಲ ಆ ಗೋಡೆ ತಡೆಯುವಂತಿರಲಿಲ್ಲ. ಮಾತಾಡಿಸಲು ಬಂದ ಕಾಕಾ ಜಗಲಿಯ ಮೇಲೆ ಕೂತು ಹೇಳಿದರು: "ಅಕ್ಕಾರ, ಬಣ್ಣ ಹಚ್ಚೂದಿಲ್ಲ. ಬರೇ ಬಿರುಕ ಮುಚ್ಚಿ ಬಿಳಿ ಪ್ರೈಮರ್ ಬಳಿತೀನಿ. ಅದು ಬಣ್ಣ ಅಲ್ಲರಿ, ಗಾಯಕ್ಕ ಮುಲಾಮ ಇದ್ದಂಗ."

ಅವ್ವ ಯೋಚಿಸಿ, "ಬಿಳಿ ಆದ್ರ ನಡೀತೈತಿ," ಎಂದಳು.

ಹಾಗೆ ನಮ್ಮ ಮನೆ ಬಿಳಿಯಾಗಿ ನಿಂತಿತು. ಆ ಮಳೆಗಾಲ ಗೋಡೆ ಸೋರಲಿಲ್ಲ. ದೊಡ್ಡ ಮಳೆಯಾದ ಮರುದಿನ ಕಾಕಾ ತಪ್ಪದೆ ಫೋನ್ ಮಾಡುತ್ತಿದ್ದರು.

"ಅಕ್ಕಾರ, ಗ್ವಾಡಿ ಏನಂತೈತಿ?"

"ಏನೂ ಅನ್ನವಲ್ದ್ರಿ ಅಣ್ಣಾರ. ಮಕ್ಕೊಂಡೈತಿ."

ಅಪ್ಪ ಹೋದ ಮೇಲೆ ಅವ್ವ ಹಗುರಾಗಿ ಮಾತಾಡುತ್ತಿದ್ದುದು ಆ ಫೋನಿನಲ್ಲಿ ಮಾತ್ರ.

ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಕಾಕಾ ತಮ್ಮ ಮಗನನ್ನು ಕರೆದುಕೊಂಡು ಬಂದರು. ಮಗ ಹಿತ್ತಲ ಕಡೆಯ ಗೋಡೆ ಉಜ್ಜುತ್ತಿದ್ದ. ಕಾಕಾ ಪಡುವಣ ಗೋಡೆಗೆ ಮೇಲಿನಿಂದ ಹಳದಿ ಬಳಿಯುತ್ತಿದ್ದರು. ನಾನು ಕೆಳಗೆ ನಿಚ್ಚಣಿಕೆ ಹಿಡಿದಿದ್ದೆ. ಆಮೇಲಿನದನ್ನು ನೋಡಿದ ಕ್ರಮದಲ್ಲೇ ಬರೆಯುತ್ತೇನೆ. ಮೇಲೆ ರೋಲರ್ ಸದ್ದು ನಿಂತಿತು. ಅವರು ಅದನ್ನು ಬಕೆಟ್ಟಿನೊಳಗೆ ಜೋಪಾನವಾಗಿ ಇಟ್ಟರು. ಒಂದೊಂದೇ ಮೆಟ್ಟಿಲು ಇಳಿದರು, ಜಾರಲಿಲ್ಲ, ಬೀಳಲಿಲ್ಲ. "ತಮ್ಮಾ, ಒಂದೀಟು ನೀರು ಕೊಡು," ಎಂದರು. ನಾನು ತಂಬಿಗೆ ತರುವಷ್ಟರಲ್ಲಿ ಜಗಲಿಗೆ ಒರಗಿ ಕೂತಿದ್ದರು. ಕಣ್ಣು ತೆರೆದೇ ಇದ್ದವು, ನನ್ನನ್ನು ನೋಡುತ್ತಿರಲಿಲ್ಲ. ತಂಬಿಗೆಯನ್ನು ಎಲ್ಲಿ ಇಟ್ಟೆನೆಂಬುದು ನನಗೆ ಈಗಲೂ ನೆನಪಾಗುವುದಿಲ್ಲ. ಆಸ್ಪತ್ರೆಯಲ್ಲಿ, ಜೀವ ಮನೆಯಲ್ಲೇ ಹೋಗಿದೆ ಎಂದರು.

ಕೆಲವು ವಾರಗಳಾದ ಮೇಲೆ ಮಗ ಒಬ್ಬನೇ ಬಂದ. ಗೋಡೆ ಮೇಲರ್ಧ ಹಳದಿ, ಕೆಳಗೆ ಬಿಳಿ. ಆಗಲೇ ಎದುರುಮನೆಯಾಕೆ, "ಇದೇನ ಬೇ, ಮನಿ ಅರ್ಧಾ ಜಳಕಾ ಮಾಡಿ ಕುಂತೈತಿ," ಎಂದು ಆಡಿಕೊಂಡಿದ್ದಳು.

"ಭಾಳ ದಿನದ ಕೆಲಸಲ್ಲರಿ ಅಮ್ಮಾರ," ಎಂದ ಮಗ. "ನಮ್ಮ ಅಬ್ಬಾ ಒಪ್ಕೊಂಡಿದ್ದು. ಮುಗಿಸಿಬಿಡ್ತೀನಿ."

ಅವ್ವ ಅವನ ಮುಂದೆ ಚಹಾ ಇಟ್ಟು, ಅವನು ಕುಡಿಯುವವರೆಗೆ ಕಾದಳು.

"ಈ ವರ್ಷ ಬ್ಯಾಡಪಾ," ಎಂದಳು. "ನಮ್ಮ ಮನ್ಯಾಗ ಸಾವಾಗೇತಿ."

ಅವನು ಖಾಲಿ ಕಪ್ಪು ಕೆಳಗಿಟ್ಟು ಎದ್ದ. ಹೋಗುವಾಗ ತಂದೆಯ ನಿಚ್ಚಣಿಕೆಯನ್ನು ನಮ್ಮ ಹಿತ್ತಲಲ್ಲೇ ಬಿಟ್ಟುಹೋದ.