ದೇಯಕ್ಕನ ಕಿವಿಗೆ ತಲುಪಿದ ಮೈಕು

ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ ಹರೆಯದಿಂದಲೂ ಹಂಚು ಒತ್ತುವ ಯಂತ್ರದ ಪಕ್ಕ ನಿಂತು ದೇಯಿಯ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಹೋಗದೆ ಏನು? ಆ ಸದ್ದಿಗೆ ಕಲ್ಲಿಗೂ ಕಿವುಡು ಬರಬೇಕು. ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಮದುವೆಯ ಸುದ್ದಿಯಿಂದ ಮೀನಿನ ಕ್ರಯದವರೆಗೆ ಎಲ್ಲವೂ ತುಟಿಯಲ್ಲೇ ಮುಗಿಯುತ್ತಿತ್ತು.

ಅರವತ್ತೆರಡನೇ ಇಸವಿಯ ವಾರ್ಷಿಕೋತ್ಸವಕ್ಕೆ ಮೈಕ್ ಸೆಟ್ಟಿನವರನ್ನು ಗೊತ್ತುಮಾಡುವ ಕೆಲಸ ಕಾರ್ಖಾನೆಯ ಗುಮಾಸ್ತ ಲಿಗೋರಿಯ ತಲೆಗೆ ಬಿತ್ತು. ಉತ್ಸವದ ದಿನವೇ ದೇಯಿಗೆ ನಿವೃತ್ತಿಯ ಸನ್ಮಾನ. ವಿಷಯ ತಿಳಿದದ್ದೇ ಅವಳು ಅವನ ಮೇಜಿನ ಬಳಿ ಬಂದಳು. ಕ್ರೈಸ್ತರನ್ನು ಊರವರು ಮರ್ಯಾದೆಯಿಂದ ಕರೆಯುವಂತೆ ಅವಳೂ ಅವನನ್ನು ಪೊರ್ಬು ಎಂದೇ ಕರೆಯುತ್ತಿದ್ದಳು.

"ಪೊರ್ಬುಗಳೇ, ಹೋದ ವರ್ಷ ನನ್ನ ಜೊತೆ ಕೆಲಸದ ಬಾಗಿಯನ್ನು ಸ್ಟೇಜಿಗೆ ಕರೆದದ್ದು ಅವಳಿಗೆ ಕೇಳಲೇ ಇಲ್ಲ. ಸುಮ್ಮನೆ ಕೂತಿದ್ಲು. ಜನ ಎಲ್ಲ ನಗಾಡಿದ್ರು. ನನಗೆ ಹಾಗೆ ಆಗ್ಬಾರ್ದು."

ದೇಯಿಗೆ ಕೇಳಿಸುವ ಮೈಕೇ ಆಗಬೇಕೆಂದು ಲಿಗೋರಿ ಅಲ್ಲಿಯೇ ನಿಶ್ಚಯಿಸಿದ.

ಮೊದಲು ಬಂದದ್ದು ಪೇಟೆಯ ದೊಡ್ಡ ಕಂಪನಿ. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ "ಹಲೋ" ಎಂದಾಗ ಹಂಚಿನ ರಾಶಿಯ ಮೇಲಿದ್ದ ಕಾಗೆಗಳೆಲ್ಲ ಎದ್ದು ಹಾರಿದವು. "ದೇಯಕ್ಕ, ಕೇಳ್ತದಾ?" ಎಂದು ಮೈಕಿನವನು ಕೇಳಿದರೆ ಅವಳು ಪಟ್ಟನೆ "ಕೇಳ್ತದೆ" ಎಂದಳು. ಲಿಗೋರಿ ಒಪ್ಪಿಯೇ ಬಿಡುತ್ತಿದ್ದ. ಅಷ್ಟರಲ್ಲಿ ಅವಳ ಕಣ್ಣು ಮೈಕಿನವನ ತುಟಿಯ ಮೇಲೆ ನೆಟ್ಟಿರುವುದು ಕಂಡಿತು. ಅಭ್ಯಾಸಬಲ ಎಂಥದು ನೋಡಿ! ಬೆನ್ನು ತಿರುಗಿಸಿ ಕೂರಿಸಿದಾಗ ಅವಳೆಂದಳು: "ಗುಂಯ್ ಅಂತ ಉಂಟು. ಮಾತು ಇಲ್ಲ."

ಮರುದಿನ ಬಂದರಿನ ಹಸೈನಾರ್ ತನ್ನ ಸೆಟ್ಟು ಹೊತ್ತು ಬಂದ. "ಅಕ್ಕ ಕೂತುಕೊಳ್ಳುವುದು ಎಲ್ಲಿ?" ಎಂದು ವಿಚಾರಿಸಿ, ಆ ಬೆಂಚಿನ ಪಕ್ಕದ ಕಂಬಕ್ಕೇ ಚಿಕ್ಕದೊಂದು ಸ್ಪೀಕರ್ ಕಟ್ಟಿದ. ದೇಯಿ ಗೋಡೆಗೆ ಮುಖಮಾಡಿ ಕೂತಳು. ದೂರದಿಂದ ಹಸೈನಾರ್ ಮೈಕಿನಲ್ಲಿ ಮೆಲ್ಲಗೆ ಕೇಳಿದ: "ಊಟ ಆಯ್ತಾ ಅಕ್ಕ?"

"ಆಯ್ತು. ಬಂಗುಡೆ ಗಸಿ ಇತ್ತು," ಎಂದಳು ದೇಯಿ, ಗೋಡೆಗೇ ಹೇಳುವಂತೆ.

ಲಿಗೋರಿಗೆ ಮೈ ಜುಮ್ಮೆಂದಿತು. ಒಂದು ಕಂಬ, ಒಂದು ತಂತಿ. ಅಷ್ಟರಲ್ಲೇ ಮನುಷ್ಯನ ಸ್ವರವೊಂದು ಇಷ್ಟು ವರ್ಷಗಳ ಯಂತ್ರದ ಸದ್ದನ್ನು ದಾಟಿ ಅವಳನ್ನು ಮುಟ್ಟಿತ್ತು! ದೇವರ ಕೆಲಸ ಕಣ್ಣಾರೆ ಕಂಡವನಂತೆ ಅವನು ನಿಂತೇ ಬಿಟ್ಟ.

ಉತ್ಸವದ ದಿನ ವೇದಿಕೆಯಿಂದ ಲಿಗೋರಿಯೇ ಹೆಸರು ಕರೆದ. ದೇಯಿ ಏಳಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಲಿಗೋರಿ ಮೈಕಿಗೆ ಇನ್ನಷ್ಟು ಬಾಗಿ ಇನ್ನೊಮ್ಮೆ ಕರೆದ. ಅವಳು ಸೆರಗು ಸರಿಮಾಡಿಕೊಂಡು, ನಿಧಾನಕ್ಕೆ ಎದ್ದು ಬಂದಳು.

ಲಿಗೋರಿ ಮೈಕಿಗೆ ಕೈ ಅಡ್ಡ ಹಿಡಿದು ಅವಳತ್ತ ತಿರುಗಿದ. "ಮೊದಲ ಸಲ ಕೇಳ್ಲಿಲ್ವಾ ದೇಯಕ್ಕ?"

"ಕೇಳಿತು ಪೊರ್ಬುಗಳೇ. ನನ್ನ ಹೆಸರು ಕಿವಿಗೆ ಬೀಳದೆ ಎಷ್ಟು ವರ್ಷ ಆಯ್ತೋ. ಇನ್ನೊಮ್ಮೆ ಕೇಳುವ ಅಂತ ಕೂತೆ ಮಾರಾಯ್ರೆ."