ಸುಗುಣಳ ಬಂಗು, ಸೋಮನ ಮುಲಾಮು

ಕಡಲ ದಂಡೆಯ ಕೋಡಿ ಊರಿನ ಸುಗುಣ ಮೀನಿನ ಬುಟ್ಟಿ ಹೊತ್ತು ಕುಂದಾಪುರದ ಮನೆಮನೆಗೆ ತಿರುಗುವವಳು. ಎರಡನೇ ಹೆರಿಗೆಯ ನಂತರ ಅವಳ ಎರಡೂ ಕೆನ್ನೆಗೆ ಕಪ್ಪು ಬಂಗು ಹರಡಿತ್ತು. ಅವಳೇನೂ ಅದರ ಚಿಂತೆ ಮಾಡಿರಲಿಲ್ಲ. ೧೯೬೬ರ ಬೇಸಿಗೆಯಲ್ಲಿ, ಮುಂಬೈ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಗಂಡ ಸೋಮ ರಜೆಗೆ ಬಂದವನು ಚೀಟಿಯೇ ಇಲ್ಲದ ಒಂದು ಮುಲಾಮಿನ ಗಾಜಿನ ಡಬ್ಬಿ ಕೈಗಿತ್ತ.

"ದಿನಾ ಹಚ್ಕೊ. ಬಂಗ್ ಪೂರಾ ಹೋತ್ತ್."

"ನಿಮ್ಗ್ ಹ್ಯಾಂಗ್ ಗೊತ್ತ್? ಯಾರ್ ಮುಖದ್ದ್ ಹೋದ್ದ್ ಕಂಡ್ರಿ?"

ಸೋಮ ಮುಖ ತಿರುಗಿಸಿ ಬೀಡಿ ಹಚ್ಚಿದ. ಅದು ಸುಗುಣಳೊಳಗೆ ಮುಳ್ಳಿನಂತೆ ಉಳಿಯಿತು. ಮುಂಬೈಯಲ್ಲಿ ಯಾವುದೋ ಬಿಳಿ ಕೆನ್ನೆ ಇರಬೇಕು. ಇಲ್ಲವಾದರೆ ಇವನಿಗೆ ಇದ್ದಕ್ಕಿದ್ದಂತೆ ತನ್ನ ಕೆನ್ನೆ ಏಕೆ ಕಂಡಿತು?

ಅವನು ಮರಳಿ ಹೋದ ಮೇಲೆ, ಒಂದು ಬಗೆಯ ಹಟದಿಂದಲೇ ಅವಳು ಹಚ್ಚತೊಡಗಿದಳು. ತಿಂಗಳೊಳಗೆ ಬಂಗು ತಿಳಿಯಾಯಿತು. ಮೀನು ಕೊಳ್ಳುವ ಹೆಂಗಸರು ತೊನ್ನಿರಬಹುದೆಂದು ಎರಡು ಹೆಜ್ಜೆ ದೂರ ನಿಂತರು. ಅತ್ತೆ ಬೆಳ್ಳಿಗೆ ಬೇರೆಯೇ ಗುಮಾನಿ.

"ಗಂಡ ಊರಂಗೆ ಇಲ್ಲ. ಈ ಅಲಂಕಾರ ಯಾರಿಗ್, ಹೆಣ್ಣೇ?"

ಸುಗುಣ ಬುಟ್ಟಿ ಹೊತ್ತು ಹೊರಟಳು. ಬೆಳ್ಳಿ ಅಂದಿನಿಂದ ಅವಳು ಯಾವ ದಾರಿಯಲ್ಲಿ ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಕಾಯತೊಡಗಿದಳು. ಹಾಗೆ ಕಾಯುತ್ತಿರುವಾಗಲೇ ಒಂದು ಬೆಳಿಗ್ಗೆ ಸೊಸೆಯ ಬೆರಳು ಕಣ್ಣಿಗೆ ಬಿತ್ತು. ಮದುವೆಯ ಬಂಗಾರದ ಉಂಗುರ ಬೆಳ್ಳಗಾಗಿತ್ತು.

"ಬಂಗಾರ ಎಲ್ಲಿ? ಯಾರಿಗ್ ಕೊಟ್ಟ್ ಈ ಬೆಳ್ಳಿದ್ ಹಾಕ್ಕಂಡ್ ಬಂದೆ?"

"ಅತ್ತೆ, ಇದ್ ಅದೇ ಉಂಗ್ರ. ಹ್ಯಾಂಗ್ ಬೆಳ್ಳಗಾಯ್ತ್ ಅಂದ್ ನಂಗೂ ಗೊತ್ತಿಲ್ಲ."

ಬೆಳ್ಳಿ ನಂಬಲಿಲ್ಲ. ಸೊಸೆಯ ಕೈ ಹಿಡಿದು ನೇರ ಪೇಟೆಯ ಅಕ್ಕಸಾಲಿ ಮಂಜಯ್ಯ ಆಚಾರ್ಯರ ಅಂಗಡಿಗೆ ಕರೆದೊಯ್ದಳು. ಆಚಾರ್ಯರು ಉಂಗುರವನ್ನು ತಿರುವಿ ನೋಡಿದರು, ಅವಳ ಮುಖವನ್ನೂ ನೋಡಿದರು.

"ಮುಖಕ್ಕ್ ಎಂತ ಹಚ್ತೆ?"

ಸುಗುಣ ಡಬ್ಬಿಯ ವಿಷಯ ಹೇಳಿದಳು. ಆಚಾರ್ಯರು ಇಬ್ಬರನ್ನೂ ಹೊರಗೆ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು, ಉಂಗುರವನ್ನು ಕೆಂಡದಲ್ಲಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಹಳದಿ ಬಣ್ಣ ಮರಳಿತು.

"ಬಂಗಾರ ಬಂಗಾರವೇ. ಆ ಮುಲಾಮಂಗೆ ಪಾದರಸ ಇತ್ತ್, ಅದೇ ಉಂಗ್ರಕ್ಕ್ ಹಿಡ್ದದ್ದ್. ನನ್ನ್ ಅಪ್ಪ ಬಂಗಾರದ್ ಕೆಲ್ಸಕ್ಕ್ ಅದನ್ನೇ ಬಳ್ಸಿ ಕೈ ನಡುಕ ಬಂದ್ ಸತ್ರ್. ಇನ್ ಮುಟ್ಬೇಡ."

ಸುಗುಣ ಮನೆಗೆ ಬಂದವಳೇ ಡಬ್ಬಿಯನ್ನು ಹಿತ್ತಲಲ್ಲಿ ಹೂತು, ಐದನೇ ಕ್ಲಾಸಿನ ಅಕ್ಷರದಲ್ಲಿ ಗಂಡನಿಗೆ ಕಾಗದ ಬರೆದಳು: ಯಾರ ಮುಖ ಕಂಡು ತಂದಿರಿ, ನಿಜ ಹೇಳಿ.

ಉತ್ತರ ಹದಿನೈದು ದಿನಕ್ಕೆ ಬಂತು. ಅಕ್ಷರ ವಕ್ರವಕ್ರವಾಗಿತ್ತು. ಒಲೆಯ ಕಾವಿಗೆ ತನ್ನ ಹಣೆಯೂ ಕಪ್ಪುಗಟ್ಟಿತ್ತು, ಜೊತೆಯವರು ನಗುತ್ತಿದ್ದರು, ಒಂದು ವರ್ಷದಿಂದ ತಾನೇ ಅದನ್ನು ಹಚ್ಚುತ್ತಿದ್ದೆ, ಹೇಳಲು ನಾಚಿಕೆಯಾಯಿತು ಎಂದು ಸೋಮ ಬರೆದಿದ್ದ. ಈಗ ಒಸಡಿನಲ್ಲಿ ರಕ್ತ, ಸೌಟು ಹಿಡಿದರೆ ಕೈ ನಡುಗುತ್ತದೆ.

ಸುಗುಣ ಕಾಗದ ಹಿಡಿದು ಅತ್ತಳು. ಮರುದಿನವೇ ತಂತಿ ಕಳಿಸಿ ಅವನನ್ನು ಕರೆಸಿಕೊಂಡಳು. ಡಾಕ್ಟರರ ಮದ್ದಿನಿಂದ ನಡುಕ ನಿಲ್ಲಲು ಒಂದೂವರೆ ವರ್ಷ ಹಿಡಿಯಿತು. ಅವಳ ಬಂಗು ಮೊದಲಿಗಿಂತ ಕಪ್ಪಾಗಿ ಮರಳಿತು, ಬಿಸಿಲು ಬಿದ್ದಷ್ಟೂ ಗಾಢವಾಯಿತು. ಬೆಳ್ಳಿ ತಪ್ಪಾಯಿತೆಂದು ಎಂದೂ ಹೇಳಲಿಲ್ಲ. ಆದರೆ ಬಿಸಿಲೇರುವ ದಿನಗಳಲ್ಲಿ ಸೊಸೆಯನ್ನು ಮನೆಯಲ್ಲಿರಿಸಿ ತಾನೇ ಬುಟ್ಟಿ ಹೊತ್ತು ಪೇಟೆಗೆ ನಡೆದಳು.